ಆ ಆಸ್ಪತ್ರೆ ಬೇಡ

"ಆ ಆಸ್ಪತ್ರೆಗೆ ಮಾತ್ರ ನಾನು ಬರಲ್ಲ," ಎಂದಳು ಅಂಜನಮ್ಮ.

ಕೆಂಗೇರಿಯ ವ್ಯಸನಮುಕ್ತಿ ಕೇಂದ್ರದ ಸಣ್ಣ ಕೋಣೆ. ಎದುರಿಗೆ ಮಗ ಮಹೇಶ ತಲೆ ತಗ್ಗಿಸಿ ಕುಳಿತಿದ್ದ. ಗೆಳೆಯರೊಂದಿಗೆ ಒಂದೇ ಸೂಜಿಯಲ್ಲಿ ನಶೆ ಏರಿಸಿಕೊಂಡವನು. ಚಟ ಬಿಡಲು ಇಲ್ಲಿಗೆ ಸೇರಿದ ಮೇಲೆ ರಕ್ತಪರೀಕ್ಷೆಯಾಯಿತು. ಎಚ್‌ಐವಿ ಇರುವುದು ತಿಳಿಯಿತು. ಅಮ್ಮನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನೀವೇ ಹೇಳಿಬಿಡಿ ಎಂದು ಕೇಂದ್ರದ ಸಮಾಲೋಚಕಿ ರಕ್ಷಾಳನ್ನು ಬೇಡಿಕೊಂಡಿದ್ದ. ಅವಳು ಈಗಷ್ಟೇ ಹೇಳಿ ಮುಗಿಸಿದ್ದಳು.

ಅಂಜನಮ್ಮ ಅಳಲಿಲ್ಲ. ಮಗ ಬದುಕುತ್ತಾನಾ ಎಂದು ಕೇಳಲೂ ಇಲ್ಲ. ಬೇರೆ ತಾಯಂದಿರು ಮೊದಲು ಕೇಳುವುದೇ ಅದನ್ನು. ಎಂಥ ಕಲ್ಲು ಮನಸ್ಸು ಎಂದುಕೊಂಡಳು ರಕ್ಷಾ.

"ಅದು ಸರ್ಕಾರಿ ಆಸ್ಪತ್ರೆ, ಎಚ್‌ಐವಿ ಮಾತ್ರೆ ಫ್ರೀ, ಆಂಟಿ. ದಿನಾ ತಪ್ಪದೆ ತಗೊಂಡ್ರೆ ಎಲ್ಲರ ಥರ ಚೆನ್ನಾಗಿರ್ತಾನೆ. ಎರಡು ಸಲ ಕರ್ಕೊಂಡು ಹೋದೆ, ಗೇಟಿಂದಲೇ ವಾಪಸ್ ಬಂದ. ನೀವು ಜೊತೆಗಿದ್ರೆ ಬರ್ತಾನಂತೆ."

"ಬೇರೆ ಆಸ್ಪತ್ರೆ ಇಲ್ವೇನಮ್ಮಾ? ಎಲ್ಲಾದ್ರೂ ದೂರದ್ದು? ಅಲ್ಲಿ ಯಾರಾದ್ರೂ ಗುರುತು ಹಿಡಿದ್ರೆ ನಾನು ನಮ್ಮ ಗೋವಿಂದರಾಜನಗರದಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ಮಹೇಶ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದ. "ಬಿಡಿ ಮೇಡಂ. ನನ್ನ ಜೊತೆ ಬರೋಕೆ ಅಮ್ಮಂಗೆ ನಾಚಿಕೆ."

"ಹೂಂ ಕಣೋ. ನಾಚಿಕೆನೇ," ಎಂದಳು ಅಂಜನಮ್ಮ. ಕುರ್ಚಿಯಿಂದ ಎದ್ದಳು. "ನಡಿ."

ಮೂವರೂ ಆಟೋ ಹತ್ತಿದರು. ಮಗ ಒಮ್ಮೆ ಅಮ್ಮನ ಕಡೆ ನೋಡಿದ. ಅವಳು ರಸ್ತೆಯ ಕಡೆಗೆ ಮುಖ ತಿರುಗಿಸಿದಳು. ಆಸ್ಪತ್ರೆಯ ಗೇಟಿನಲ್ಲಿ ಇಳಿಯುತ್ತಲೇ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ರಕ್ಷಾ ದಾರಿ ತೋರಿಸುವ ಮೊದಲೇ ಚೀಟಿ ಮಾಡಿಸುವವರ ಸಾಲು ದಾಟಿ, ಲ್ಯಾಬಿನ ಹಿಂದಿನ ಓಣಿಗೆ ತಿರುಗಿದಳು. ಬೇಗ ಮುಗಿಸಿ ಹೊರಟರೆ ಸಾಕು ಅಂತ ಇರಬೇಕು ಎಂದುಕೊಂಡ ಮಹೇಶ.

ಓಣಿಯ ಕೊನೆಯಲ್ಲಿದ್ದ ಎಚ್‌ಐವಿ ವಿಭಾಗದ ಬಾಗಿಲ ಬಳಿ ಅವನು ನಿಂತುಬಿಟ್ಟ. ಒಳಗೆ ಬೆಂಚುಗಳ ತುಂಬ ಜನ.

"ಆಗಲ್ಲಮ್ಮಾ. ಎಲ್ಲಾರೂ ನನ್ನೇ ನೋಡ್ತಾರೆ. ಮಾತ್ರೆನೂ ಬೇಡ, ಏನೂ ಬೇಡ. ಸತ್ರೆ ಸಾಯ್ತೀನಿ." ಅವನು ತಿರುಗಿ ಹೊರಟ.

ಅಂಜನಮ್ಮ ಅವನ ತೋಳು ಹಿಡಿದಳು. ಅವನನ್ನು ಹಾಗೇ ಎಳೆದುಕೊಂಡು ಒಳಗೆ ಬಂದು, ಮಾತ್ರೆ ಕೊಡುವ ಕಿಟಕಿಯ ಮುಂದೆ ನಿಂತಳು. ಸೆರಗು ಸರಿಸಿ, ಆ ಬೆಂಚಿನವರೆಲ್ಲರ ಎದುರು ಮುಖ ತೋರಿದಳು. ಮಗನ ಕಡೆ ಮಾತ್ರ ನೋಡಲಾಗಲಿಲ್ಲ.

"ಪ್ರಭಾ ಸಿಸ್ಟರ್, ಇವನು ನನ್ನ ಮಗ. ಇವರಪ್ಪ ತೀರ್ಕೊಂಡಾಗಿಂದ ನಂಗೆ ಕೊಡ್ತಾ ಇದೀರಲ್ಲ, ಆ ಮಾತ್ರೆ ಇವನಿಗೂ ಶುರು ಮಾಡಿ."