ಆಮೆಗೆ ಕಿವಿ

ಸಂಜೆಯ ಎರಡನೇ ಶಂಖ ಊದಿದಾಗ ಊರೆಲ್ಲ ಇದ್ದಲ್ಲೇ ಪ್ರಾರ್ಥನೆಗೆ ಕೂತಿತು. ಆಮೆ ಮಾತ್ರ ಕೂರಲಿಲ್ಲ. ಹೈಸ್ಕೂಲಿನ ಹೊಸ ರೋಬೋಟ್ ಕ್ಲಾಸಿನ ಮಕ್ಕಳು ಮಾಡಿದ ಯಂತ್ರ ಅದು. ಬೆನ್ನ ಮೇಲೆ ತೆಂಗಿನ ಚಿಪ್ಪು ಹೊತ್ತುಕೊಂಡು, ತಲೆ ತಗ್ಗಿಸಿದ ಜನರ ಮುಂದೆಯೇ ಬಯಲು ದಾಟಿ, ಊರ ಯಜಮಾನ ಗಲುವಾವೋ ಅವರ, ಊರಿನ ಎಲ್ಲ ಮನೆಗಳಂತೆ ಗೋಡೆಯಿಲ್ಲದೆ ಕಂಬಗಳ ಮೇಲೆ ನಿಂತ ಮನೆಯ ಕಡೆ ಹೊರಟಿತು. ಮೊದಲ ಶಂಖಕ್ಕೇ ಅದನ್ನು ಆರಿಸಬೇಕಿತ್ತು. ಅಪ್ಪ ಅಮ್ಮಂದಿರಿಗೆ ತೋರಿಸುವ ಸಂಭ್ರಮದಲ್ಲಿ ಆ ಕ್ಲಾಸಿನ ಹುಡುಗಿ ಲೂಪೆ ಮರೆತಿದ್ದಳು. ಮೂರನೇ ಶಂಖದ ತನಕ ಯಾರೂ ಏಳುವಂತಿಲ್ಲ, ಈಗ ಎದ್ದು ಹಿಡಿದರೆ ಅವಳೂ ನಿಯಮ ಮುರಿದ ಹಾಗೆ. ಬಾಯಲ್ಲಿ ಹಾಡು, ಕಣ್ಣು ಆಮೆಯ ಮೇಲೆ. ಅದು ಹೋಗಿ ಯಜಮಾನರ ಮನೆಯ ಕಂಬಕ್ಕೆ ಮೂತಿ ಒತ್ತಿ, ಪ್ರಾರ್ಥನೆ ಮುಗಿಯುವ ತನಕ ಗರ್ರೆನ್ನುತ್ತಲೇ ಇತ್ತು.

ಮಾರನೆಯ ದಿನ ಹಿರಿಯರು ಯಜಮಾನರ ಮನೆಯಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗಿ ಕೂತರು. ರಾಜಧಾನಿ ಆಪಿಯಾದಿಂದ ಬಂದು ಈ ಕ್ಲಾಸು ಶುರು ಮಾಡಿದ ತವಿತಾ ಮೇಷ್ಟ್ರು ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ದಂಡವಾಗಿ ಒಂದು ಹಂದಿ ಕೊಡಬೇಕು ಎಂದರು ಒಬ್ಬರು. ಕ್ಲಾಸನ್ನೇ ಮುಚ್ಚಿ, ಆ ಕೋಣೆಯಲ್ಲಿ ಮೊದಲಿನ ಹಾಗೆ ಚಾಪೆ ಹೆಣೆಯುವುದನ್ನು ಕಲಿಸಲಿ ಎಂದರು ಇನ್ನೊಬ್ಬರು. ಮೇಷ್ಟ್ರು ತಪ್ಪು ತಮ್ಮದೇ ಎಂದು ತಲೆಬಾಗಿದರು. ಆಗ ಹೊರಗೆ ಹುಲ್ಲಿನ ಮೇಲೆ ಕೂತಿದ್ದ ಲೂಪೆ, ಹಿರಿಯರ ಮುಂದೆ ಎಂದೂ ಬಾಯಿ ಬಿಡದವಳು, ಮಾತಾಡಿದಳು.

"ದಂಡ ಮೇಷ್ಟ್ರಿಗೆ ಬೇಡ ಯಜಮಾನ್ರೇ. ಆಮೆಗೆ ಕಿವಿ ಇಲ್ಲ. ನಾವು ಇಟ್ಟಿರಲಿಲ್ಲ."

"ಕಿವಿ ಇರೋರೇ ಕೇಳಲ್ಲ ಈಗ," ಎಂದರು ಗಲುವಾವೋ. ಹಿರಿಯರು ನಕ್ಕರು. ಯಜಮಾನರು ನಗಲಿಲ್ಲ. "ಆಯ್ತು ಮಗಳೇ, ಇಡು. ಶನಿವಾರ ಸಂಜೆ ಅದನ್ನ ದಾರಿ ಮೇಲೆ ಬಿಡಿ. ಶಂಖಕ್ಕೆ ನಿಂತ್ರೆ ಕ್ಲಾಸು ಇರುತ್ತೆ. ನಿಲ್ಲದಿದ್ರೆ ಹಂದೀನೂ ಹೋಯ್ತು, ಕ್ಲಾಸೂ ಹೋಯ್ತು."

ಒಡೆದ ಫೋನೊಂದರ ಮೈಕಿನಿಂದ ಕಿವಿ ಬಂತು. ಆದರೆ ಆಮೆ ಹುಂಜ ಕೂಗಿದರೂ ನಿಂತಿತು, ಹಂದಿ ಕಿರುಚಿದರೂ ನಿಂತಿತು. ಲೂಪೆಯ ಅಜ್ಜಿ ಊಟಕ್ಕೆ ಕರೆದರೂ ನಿಂತಿತು. "ನಿನಗಿಂತ ಇದೇ ವಾಸಿ ಕಣೇ," ಎಂದಳು ಅಜ್ಜಿ. ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಊದುವ ಹಾಗಿಲ್ಲ. ಹಾಗಾಗಿ ಮಕ್ಕಳಿಗೆ ಪಾಠ ಸಿಗುತ್ತಿದ್ದದ್ದು ಸಂಜೆಯ ಆ ಮೂರು ಸಲ ಮಾತ್ರ. ಮನೆಗೆ ಹೋಗಿ ಎನ್ನುವ ಶಂಖ, ಕೂರಿ ಎನ್ನುವ ಶಂಖ, ಏಳಿ ಎನ್ನುವ ಶಂಖ. ಲೂಪೆ ಶಂಖ ಊದುವವನ ಕಾಲ ಬಳಿಯೇ ವೈರು ಹಿಡಿದು ಕೂತಳು. ಹುಂಜಕ್ಕೆ ಅಷ್ಟು ಉದ್ದ ಉಸಿರಿಲ್ಲ ಎಂದು ಅವಳಿಗೆ ಹೊಳೆದದ್ದು ಅಲ್ಲೇ. ಸದ್ದು ಎಲ್ಲೂ ಕಡಿಯದೆ ಒಂದು ಉಸಿರಿನಷ್ಟು ಬಂದರೆ ಮಾತ್ರ ಶಂಖವೆಂದು ಎಣಿಸು, ಒಂದಕ್ಕೆ ನಿಲ್ಲು, ಮುಂದಿನದಕ್ಕೆ ಹೊರಡು ಎಂದು ಎಲ್ಲರೂ ಸೇರಿ ಆಮೆಗೆ ಕಲಿಸಿದರು.

ಶನಿವಾರ ಮೊದಲ ಶಂಖಕ್ಕೆ ಜನ ಮನೆ ಸೇರಿದರು. ಆಮೆಯನ್ನು ದಾರಿಯಂಚಿನಲ್ಲಿ ಬಿಟ್ಟು ಲೂಪೆಯೂ ಮನೆಗೆ ಓಡಿದಳು. ಅದು ನಿಧಾನವಾಗಿ ದಾರಿ ದಾಟತೊಡಗಿತು. ನಟ್ಟನಡುವೆ ಇದ್ದಾಗ ಎರಡನೇ ಶಂಖ ಮೊಳಗಿತು.

ಆಮೆ ನಿಂತಿತು.

ಯಾರೂ ತಲೆ ಎತ್ತಲಿಲ್ಲ, ಆದರೆ ಊರೆಲ್ಲ ಅದನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಬಂದರಿನ ಕಡೆಯಿಂದ ಒಂದು ಪಿಕಪ್ ಗಾಡಿ ಬಂತು. ಪ್ರಾರ್ಥನೆಯ ಹೊತ್ತು ಕಾಯಲು ದಾರಿಯಲ್ಲಿ ದೊಣ್ಣೆ ಹಿಡಿದು ನಿಂತಿದ್ದ ಗಂಡಸರು ಅದನ್ನು ತಡೆದರು. ಹೊರಗಿನ ಡ್ರೈವರು ಕಿಟಕಿಯಿಂದ ಇಣುಕಿ, ಆ ಚಿಪ್ಪನ್ನು ಎತ್ತಿ ಪಕ್ಕಕ್ಕಿಡಿ, ಹೋಗುತ್ತೇನೆ ಎಂದ. ಹಾರ್ನ್ ಹೊಡೆದ, ಉದ್ದಕ್ಕೆ. ಲೂಪೆ ಕೈಯಲ್ಲಿದ್ದ ಹಾಡಿನ ಪುಸ್ತಕವನ್ನು ಬಿಗಿಯಾಗಿ ಹಿಡಿದಳು. ಆ ಹಾರ್ನೂ ಒಂದು ಉಸಿರಿನಷ್ಟು ಉದ್ದವಾಗುತ್ತಿತ್ತು; ಅದನ್ನು ಶಂಖವೆಂದು ಎಣಿಸಿದರೆ ಆಮೆ ಹೊರಟುಬಿಡುತ್ತಿತ್ತು. ಆದರೆ ಇನ್ನೇನು ಅನ್ನುವಾಗ ಅವನ ಕೈ ಸೋತು ಸದ್ದು ಕಡಿಯಿತು. ಆಮೆ ಅಲುಗಲಿಲ್ಲ.

ಮೂರನೇ ಶಂಖಕ್ಕೆ ಚಿಪ್ಪಿನ ಕೆಳಗೆ ಚಕ್ರಗಳು ತಿರುಗಿದವು. ಆಮೆ ಉಳಿದ ಅರ್ಧ ದಾರಿ ದಾಟಿ ಹುಲ್ಲಿಗೆ ಇಳಿಯಿತು. ಡ್ರೈವರು ಸಿಟ್ಟಿನಿಂದ, ಒಂದು ಆಟದ ಸಾಮಾನಿಗೋಸ್ಕರ ಇಷ್ಟು ಹೊತ್ತು ಕಾಯಿಸಿದಿರಲ್ಲ ಎಂದು ಗೊಣಗಿದ. ಗಲುವಾವೋ ಮನೆಯಿಂದ ಇಳಿದು ಬಂದು ಅವನ ಕಿಟಕಿಗೆ ಕೈಯೂರಿದರು.

"ನಮ್ಮೂರ ಮಗು ಅದು. ಪ್ರಾರ್ಥನೆಗೆ ಕೂತಿತ್ತು, ಕಾಣಲಿಲ್ವೇನಪ್ಪಾ?"