ಅರ್ಧ ಕೀಲಿಕೈ

ಪರದೆಯ ಮೇಲೆ ಎರಡು ಚಿತ್ರಗಳಿದ್ದವು. ಎರಡೂ ಬೀಗದ ಮೇಸ್ತ್ರಿಯ ಮೆದುಳಿನವೇ. ಎಡಗಡೆಯದರಲ್ಲಿ ಅಲ್ಲಲ್ಲಿ ಕೆಂಪು ಕಾಣುತ್ತಿತ್ತು. ಬಲಗಡೆಯದರಲ್ಲಿ ಆ ಕೆಂಪು ಹುಡುಕಿದರೂ ಸಿಗುವಂತಿರಲಿಲ್ಲ. ಆಪ್ತ ಸಮಾಲೋಚಕಿ ಪೆನ್ನಿನ ತುದಿಯಿಂದ ತೋರಿಸುತ್ತ ಹಿಗ್ಗುತ್ತಿದ್ದಳು. ಮೇಸ್ತ್ರಿಯ ಮುಷ್ಟಿಯೊಳಗೆ ಮುರಿದ ಕೀಲಿಕೈಯ ಚೂರೊಂದಿತ್ತು. ಅದನ್ನು ಆತ ಅಂದು ಬೆಳಿಗ್ಗೆ ತನ್ನದೇ ಮನೆಬಾಗಿಲಿನ ಬೀಗದೊಳಗಿಂದ ಚಿಮಟದಲ್ಲಿ ಎಳೆದು ತೆಗೆದಿದ್ದ.

"ಇದು ಹನ್ನೆರಡು ವಾರದ ಹಿಂದಿಂದು, ಇದು ಮೊನ್ನೆದು," ಅಂದಳು ಆಕೆ. "ಈ ಕೆಂಪು ಇದೆಯಲ್ಲ, ಏನೋ ಆಗಿಬಿಡುತ್ತೆ ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರೋ ಭಾಗ. ನೀವು ಮಲಗಿದ್ರೂ ಅದು ಮಲಗ್ತಿರ್ಲಿಲ್ಲ. ಒಂದು ಮಾತ್ರೆ ಇಲ್ದೆ, ಬರೀ ಮಾತಲ್ಲೇ ತಣ್ಣಗಾಗಿದೆ ನೋಡಿ."

ಅದು ಯಾರಿಗಾಗಿ ಕಿವಿ ನೆಟ್ಟಗೆ ಮಾಡಿಕೊಂಡಿತ್ತು ಎಂಬುದು ಆಕೆಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಮಗಳು ಜಗಳವಾಡಿಕೊಂಡು ಮನೆ ಬಿಟ್ಟ ದಿನ, ಮೇಸ್ತ್ರಿ ಸಿಟ್ಟಿನ ಭರದಲ್ಲಿ ಬಾಗಿಲಿನ ಬೀಗವನ್ನೇ ಬದಲಾಯಿಸಿದ್ದ. ಬೇರೆ ಅಪ್ಪನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದ. ಇವನ ಕೈಯಲ್ಲಿ ಕಸುಬಿತ್ತು, ಹತ್ತು ನಿಮಿಷದ ಕೆಲಸ. ಹಳೆಯ ಬೀಗವನ್ನು ತನ್ನ ಕೀಲಿಕೈ ಸಮೇತ ಗುಜರಿಗೆ ಎಸೆದ. ಸಿಟ್ಟಿಳಿದು ಹುಡುಕಿಕೊಂಡು ಹೋಗುವಷ್ಟರಲ್ಲಿ ಅದು ಕರಗಿಯೇ ಹೋಗಿತ್ತು. ಮಗಳು ಫೋನ್ ನಂಬರು ಬದಲಾಯಿಸಿದ್ದಳು. ಅವಳ ಹತ್ತಿರವಿರುವ ಕೀಲಿಕೈ ಇನ್ನು ಕೆಲಸಕ್ಕೆ ಬಾರದು, ಬಂದರೆ ಬಾಗಿಲು ತಟ್ಟಬೇಕು, ತಟ್ಟಿದಾಗ ತಾನು ಎದ್ದಿರಬೇಕು. ಅಂದಿನಿಂದ ಅವನ ಕಣ್ಣಿಗೆ ನಿದ್ದೆ ಸುಳಿಯಲಿಲ್ಲ. ಕಟ್ಟಡದವರು ಗೂಬೆ ಮಾಮ ಎಂದು ಹೆಸರಿಟ್ಟರು. ಹಗಲು ಅಂಗಡಿಯಲ್ಲಿ ತೂಕಡಿಸಿ ಹೆಬ್ಬೆರಳಿನ ತುದಿಯನ್ನು ಕೀಲಿ ಕೊರೆಯುವ ಯಂತ್ರಕ್ಕೆ ಕೊಟ್ಟ ಮೇಲೆ ಇಲ್ಲಿಗೆ ಬಂದಿದ್ದ.

ಸಮಾಲೋಚಕಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ನಿದ್ದೆ ಬಂದರೆ ಮಾತ್ರ ಹಾಸಿಗೆ, ಅದೂ ಮೊದಮೊದಲು ಐದೇ ಗಂಟೆ. ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟು ನಿಲ್ಲುವಂತಿಲ್ಲ. ಮಲಗಿದ್ದು, ಎದ್ದಿದ್ದು ಎಲ್ಲ ಡೈರಿಯಲ್ಲಿ ಬರೆಯಬೇಕು. ಆಕೆ ಅಂಜಿಕೆಯನ್ನೂ ಬರೆಸಿದ್ದಳು. 'ನಾನು ಮಲಗಿದ್ದಾಗಲೇ ಅವಳು ಬಂದರೆ?' ಎಂದು ಅವನು ಬರೆದ. ಅದರ ಎದುರಿಗೆ ಇಬ್ಬರೂ ಕೂಡಿ ಸಮಾಧಾನದ ಉತ್ತರ ಬರೆದರು: 'ತಟ್ಟುತ್ತಾಳೆ. ಎಚ್ಚರವಾಗುತ್ತದೆ.'

"ನಿನ್ನೆ ಎಷ್ಟು ಸಲ ಎಚ್ಚರ ಆಯ್ತು?"

ಮೇಸ್ತ್ರಿ ಡೈರಿಯನ್ನು ಮುಂದಕ್ಕೆ ತಳ್ಳಿದ. ನಿದ್ದೆ ಏಳೂವರೆ ಗಂಟೆ, ಎಚ್ಚರ ಒಂದೂ ಇಲ್ಲ. ಎದ್ದ ಕೂಡಲೇ, ಬಾಗಿಲಿಗೆ ಬೀಗ ಹಾಕಲು ಹೋಗುವ ಮುಂಚೆ ಬರೆದದ್ದು ಅದು. ಆಕೆ ಶಭಾಷ್ ಎನ್ನುತ್ತಿರುವಾಗ ಅವನು ಮುಷ್ಟಿ ಬಿಚ್ಚಿ ಚೂರನ್ನು ಆ ಸಾಲಿನ ಮೇಲಿಟ್ಟ.

"ಮೂರನೇ ಹಲ್ಲಿನ ಬುಡದಲ್ಲಿ ಒಂದು ಗೀರಿದೆ ನೋಡಿ. ಮಗಳು ಸ್ಕೂಲಿಗೆ ಹೋಗೋವಾಗ ನಾನೇ ಮಾಡ್ಕೊಟ್ಟಿದ್ದು. ಉಜ್ಜೋವಾಗ ಅರ ಜಾರಿತ್ತು. ರಾತ್ರಿ ಬಂದು ಇದನ್ನೇ ತಿರುಗಿಸಿದಾಳೆ, ಹೊಸ ಬೀಗದೊಳಗೇ ಮುರಿದಿದೆ."

ಆಕೆಯ ಮುಖದ ನಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. "ತಟ್ಟಿರ್ಲಿಲ್ವೇನೋ?"

"ಅರ್ಧ ಗಂಟೆ ತಟ್ಟಿದ್ಳಂತೆ. ಎದುರು ಮನೆಯವ್ರಿಗೆ ಕೇಳ್ಸಿದೆ. ಗೂಬೆ ಮಾಮ ಎದ್ದೇ ಇರ್ತಾನಲ್ಲ, ಮನಸ್ಸಿದ್ರೆ ತೆಗೀತಾನೆ ಅಂದ್ಕೊಂಡು ಹೊದ್ದು ಮಲಗಿದ್ರಂತೆ."

ಮೇಸ್ತ್ರಿಗೆ ಸಮಾಲೋಚಕಿಯ ಮೇಲೆ ಸಿಟ್ಟಿರಲಿಲ್ಲ. ಮಗಳು ಬಂದು ಹೋದದ್ದಕ್ಕಿಂತ, ಏನು ತಿಳಿದುಕೊಂಡು ಹೋದಳು ಎಂಬುದೇ ಅವನ ಚಿಂತೆಯಾಗಿತ್ತು. ಅಪ್ಪ ಬೆಕ್ಕು ನಡೆದರೂ ಏಳುವವನೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಬೀಗ ಬದಲಾಯಿಸಿದ್ದಾನೆ, ಒಳಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಾನೆ, ಬೇಕೆಂದೇ ತೆಗೆಯುತ್ತಿಲ್ಲ. ಹಾಗೆಂದುಕೊಂಡೇ ಮೆಟ್ಟಿಲಿಳಿದಿರುತ್ತಾಳೆ. ಇನ್ನು ಈ ಜನ್ಮದಲ್ಲಿ ಬರುವುದಿಲ್ಲ.

"ಬಲಗಡೆ ಚಿತ್ರದ್ದು ಒಂದು ಪ್ರತಿ ಕೊಡ್ತೀರಾ?" ಎಂದ. "ಅವಳಿಗೆ ತೋರಿಸ್ಬೇಕು. ನಾನು ನಿಜವಾಗ್ಲೂ ನಿದ್ದೇಲಿದ್ದೆ ಅಂತ."

ಮಾಡಲು ಏನೋ ಒಂದು ಕೆಲಸ ಸಿಕ್ಕಿತಲ್ಲ ಎಂದು ಆಕೆ ತಡಬಡಿಸಿ ಪ್ರಿಂಟರಿನ ಕಡೆ ತಿರುಗಿದಳು. "ಖಂಡಿತ. ಈಗ್ಲೇ ಕಳಿಸಿಬಿಡೋಣ. ಅವ್ರ ವಿಳಾಸ ಹೇಳಿ."

ಮೇಸ್ತ್ರಿ ಡೈರಿಯ ಮೇಲಿನ ಚೂರನ್ನು ಎತ್ತಿಕೊಂಡು, ಅದರ ಮುರಿದ ಅಂಚನ್ನು ಹೆಬ್ಬೆರಳಲ್ಲಿ ಸವರಿದ.

"ಇದರ ಹಿಡಿ ಅವಳ ಹತ್ರ ಇದೆ," ಎಂದ. "ನನಗೆ ಅಷ್ಟೇ ಗೊತ್ತು."