ತಂಗಿಗೆ ಕೊಟ್ಟ ತೂಕ

ನೂಲಿನ ಗಿರಣಿಯಲ್ಲಿ ರಾತ್ರಿಪಾಳಿಯವರು ಯಂತ್ರದಲ್ಲಿ ಕುಳಿತು ಇಳಿಸಿದ ಮೈತೂಕವನ್ನು ಬೇಕಾದವರಿಗೆ ಕೊಡಬಹುದಿತ್ತು. ಅಲ್ಲಿ ದುಡಿಯುತ್ತಿದ್ದ ದ್ಯಾಮವ್ವ ತನ್ನದನ್ನು ದಿನವೂ ಬಾಟಲಿಯಲ್ಲಿ ತುಂಬಿಸಿ ಆಸ್ಪತ್ರೆಗೆ ತರುತ್ತಿದ್ದಳು. ಕಾಯಿಲೆಯಿಂದ ಸವೆದಿದ್ದ ತಂಗಿ ನೀಲವ್ವನಿಗೆ ನರ್ಸು ಅದನ್ನು ಏರಿಸುತ್ತಿದ್ದರು.

ಆ ಬೆಳಿಗ್ಗೆ ನೀಲವ್ವ ಕೈ ಹಿಂದಕ್ಕೆಳೆದುಕೊಂಡಳು.

“ಬ್ಯಾಡಕ್ಕ. ನನ್ನ ಮೈಯಾಗ ಏನೂ ನಿಲ್ಲವಲ್ದು.”

“ಸಂಜೀತನಕಾರ ನಿಂತೀತು, ಕೈ ಕೊಡು.”

“ನಿನ್ನ ಮಾರಿ ಎಷ್ಟು ಸೊರಗೈತಿ! ಒಮ್ಮೆ ಮೊದಲಿನಂಗ ತುಂಬಿದ ಗಲ್ಲ ನೋಡಬೇಕು ನಂಗ.”

ದ್ಯಾಮವ್ವ ಪಕ್ಕದ ಮಂಚದಲ್ಲಿ ತಾನೇ ಮಲಗಿ ನರ್ಸಿನ ಮುಂದೆ ತೋಳು ಚಾಚಿದಳು. ಬಾಟಲಿ ಖಾಲಿಯಾಗುತ್ತಿದ್ದಂತೆ ಅವಳ ಗಲ್ಲಗಳು ತುಸು ತುಂಬಿಕೊಂಡವು. ನೀಲವ್ವ ಅವನ್ನು ಸವರಿ ನಕ್ಕಳು.

ಮಧ್ಯಾಹ್ನ ನೀಲವ್ವ ತೀರಿಕೊಂಡಳು. ಅವಳನ್ನು ಎತ್ತಿಕೊಳ್ಳಲು ದ್ಯಾಮವ್ವ ಒಬ್ಬಳೇ ಸಾಕಾದಳು.